ಪರ್ಶಿಯಾದ ವಿದುಷಿ ತಾಹಿರಾ

ದಿಲ್ಲಿಯ ಪ್ರವಾಸಕ್ಕೆ ಹೋಗಿಬಂದವರು ಅಲ್ಲಿಯ ಕಮಲಮಂದಿರವನ್ನು ವರ್ಣಿಸದೆ ಬಿಡುವುದಿಲ್ಲ. 1986ರಲ್ಲಿ ತೆರೆದ ಆ ಮಂದಿರ ಬಹಾಯಿ ಧರ್ಮದವರದು. ಆ ಧರ್ಮೀಯರು ಪೂಜ್ಯಭಾವದಿಂದ ನೆನೆಯುವ ಸ್ತ್ರೀಯೊಬ್ಬಳ ಚರಿತ್ರೆಯನ್ನು ವಾಚಕರ ಮುಂದಿಡಬಯಸುತ್ತೇನೆ.

ತಾಹಿರಾ ಹುಟ್ಟಿದ್ದು 1817ರ ಸುಮಾರಿಗೆ, ಪರ್ಶಿಯಾದ ಕಜ್ವೀನ್ ಪಟ್ಟಣದಲ್ಲಿ. ತಂದೆ ಮುಲ್ಲಾ ಸಾಲಿಹ್ ಹೆಸರಾಂತ ಧರ್ಮಪಂಡಿತರು. ಹೆಣ್ಣುಮಕ್ಕಳಿಗೆ ಅಕ್ಷರವೇ ದುರ್ಲಭವಾಗಿದ್ದ ಆ ಕಾಲದಲ್ಲಿ ಮಗಳ ಬುದ್ಧಿಯನ್ನು ಕಂಡು ಅವರೇ ಪಾಠ ಹೇಳಿದರು. ಹದಿನಾಲ್ಕರ ಸುಮಾರಿಗೆ ದೊಡ್ಡಪ್ಪನ ಮಗನೊಡನೆ ಮದುವೆಯಾಯಿತು, ಮಕ್ಕಳೂ ಆದರು. ಆದರೆ ಆಕೆ ಹಿಡಿದ ಹೊಸ ವಿಚಾರಗಳು ಗಂಡನಿಗೂ ಮಾವನಿಗೂ ಹಿಡಿಸಲಿಲ್ಲ.

1844ರಲ್ಲಿ ಶಿರಾಜಿನ ತರುಣ ವರ್ತಕರೊಬ್ಬರು ಹೊಸ ಯುಗ ಬಂದಿತೆಂದು ಸಾರಿದರು. ‘ಬಾಬ್’ ಎಂದು ಪ್ರಸಿದ್ಧರಾದವರು ಇವರೇ. (ನಮ್ಮ ಶಿಶುನಾಳ ಶರೀಫರೂ ಇವರೂ ಹುಟ್ಟಿದ್ದು ಒಂದೇ ವರ್ಷ, 1819.) ತಾಹಿರಾ ಅವರನ್ನು ಕಣ್ಣಿಂದ ಕಾಣದೆ, ಪತ್ರದ ಮೂಲಕವೇ ಶಿಷ್ಯಳಾದಳು. ಮೊದಲ ಹದಿನೆಂಟು ಶಿಷ್ಯರಲ್ಲಿ ಈಕೆಯೊಬ್ಬಳೇ ಹೆಂಗಸು. ಕರ್ಬಲಾದಲ್ಲಿ ಪರದೆಯ ಹಿಂದೆ ಕುಳಿತು ಗಂಡಸರಿಗೂ ಪಾಠ ಹೇಳಿದಳು.

1848ರ ಬೇಸಗೆಯಲ್ಲಿ ಬದಶ್ತ್ ಎಂಬ ಹಳ್ಳಿಯಲ್ಲಿ ಆ ಮತದ ಅನುಯಾಯಿಗಳು ಸಭೆ ಸೇರಿದ್ದರು. ತಾಹಿರಾ ಮುಸುಕಿಲ್ಲದೆ ಅವರೆದುರು ಬಂದಳು. ಹಳೆಯ ಕಟ್ಟಳೆಗಳ ಕಾಲ ಮುಗಿಯಿತೆಂಬುದನ್ನು ಆ ತೆರೆದ ಮುಖವೇ ಸಾರಿತು. ಕೆಲವರು ಕಣ್ಣು ಮುಚ್ಚಿಕೊಂಡರು. ಒಬ್ಬನಂತೂ ತನ್ನ ಕುತ್ತಿಗೆಯನ್ನೇ ಕೊಯ್ದುಕೊಂಡು ಓಡಿದನಂತೆ. ಮತವನ್ನೇ ಬಿಟ್ಟುಹೋದವರೂ ಉಂಟು.

ತುಂಗಭದ್ರೆಯ ದಡದ ನಮ್ಮ ಐರಣಿಯಲ್ಲಿ ಅಜ್ಜಿಗೆ ಈ ಪ್ರಸಂಗವನ್ನು ಹೇಳಿದಾಗ ಅವರು ಥಟ್ಟನೆ ಉಡುತಡಿಯ ಅಕ್ಕಮಹಾದೇವಿಯನ್ನು ನೆನೆದರು. ಹೋಲಿಕೆ ಒಪ್ಪತಕ್ಕದ್ದೇ. ಆದರೆ ಅಕ್ಕನಿಗೆ ಕಲ್ಯಾಣದಲ್ಲಿ ಅನುಭವ ಮಂಟಪವಿತ್ತು. ಅಲ್ಲಿ ಪರೀಕ್ಷಿಸಿದವರೇ ಕೊನೆಗೆ ಕೈಮುಗಿದರು. ತಾಹಿರಾಳಿಗೆ ತನ್ನವರ ನಡುವೆಯೂ ಅಂಥ ಒಮ್ಮತದ ಆಸರೆ ದೊರೆಯಲಿಲ್ಲ. ಅಲ್ಲದೆ ಆಕೆ ಮಕ್ಕಳ ತಾಯಿ. ಅವರನ್ನು ಅಗಲಿ ನಡೆದ ಸಂಕಟವೇ ನನಗೆ ಮುಸುಕು ತೆಗೆದ ಧೈರ್ಯಕ್ಕಿಂತ ದೊಡ್ಡದಾಗಿ ತೋರುತ್ತದೆ.

ಮುಂದೆ ಆಕೆಯನ್ನು ಹಿಡಿದು ತೆಹರಾನಿನ ನಗರಾಧಿಕಾರಿಯ ಮನೆಯಲ್ಲಿ ಸೆರೆಯಿಟ್ಟರು. 1850ರಲ್ಲಿ ಬಾಬ್ ಅವರನ್ನು ಗುಂಡಿಟ್ಟು ಕೊಂದರು. 1852ರ ಆಗಸ್ಟಿನಲ್ಲಿ ಅವರ ಅನುಯಾಯಿಗಳಲ್ಲಿ ಕೆಲವರು ಷಹಾನ ಮೇಲೆ ಗುಂಡು ಹಾರಿಸಲು, ಸರಕಾರದ ಸಿಟ್ಟು ಎಲ್ಲರ ಮೇಲೆ ತಿರುಗಿತು. ಸೆರೆಯಲ್ಲಿದ್ದ ತಾಹಿರಾಳನ್ನು ರಾತ್ರಿ ತೋಟವೊಂದಕ್ಕೆ ಒಯ್ದು, ವಸ್ತ್ರದಿಂದ ಕೊರಳು ಬಿಗಿದು ಕೊಂದು, ದೇಹವನ್ನು ಬಾವಿಗೆ ಎಸೆದು ಮೇಲೆ ಕಲ್ಲುಮಣ್ಣು ತುಂಬಿದರು.

ಅದೇ ಆಗಸ್ಟಿನಲ್ಲಿ ತೆಹರಾನಿನ ನೆಲಮಾಳಿಗೆಯ ಸೆರೆಗೆ ಬಿದ್ದ ಬಹಾವುಲ್ಲಾ ಅವರು ಮುಂದೆ ಬಹಾಯಿ ಧರ್ಮವನ್ನು ಸ್ಥಾಪಿಸಿದರು. ಸ್ತ್ರೀಪುರುಷರು ಸಮಾನರೆಂಬುದು ಅದರ ಮುಖ್ಯ ತತ್ತ್ವಗಳಲ್ಲೊಂದು. ತಾಹಿರಾಳ ಹೆಸರಿನ ಫಾರಸಿ ಕವಿತೆಗಳನ್ನು ಆ ಧರ್ಮೀಯರೂ ಇತರರೂ ಇಂದಿಗೂ ಓದುತ್ತಾರೆ.