ಸೊನ್ನಲಿಗೆಯ ಕಾಯಕಯೋಗಿ ಶ್ರೀ ಸಿದ್ಧರಾಮರು

ನೀರಿಲ್ಲದ ನಾಡಿಗೆ ನೀರು ಕೊಟ್ಟವರನ್ನು ಜನ ಮರೆಯುವುದಿಲ್ಲ. ಎಷ್ಟೋ ಅರಸರು ಈ ನೆಲವನ್ನು ಆಳಿದರು, ಅಳಿದರು. ಅವರ ಬಿರುದುಬಾವಲಿಗಳು ಶಾಸನದ ಕಲ್ಲುಗಳಲ್ಲಿ ಉಳಿದುವು. ಆದರೆ ಜನರನ್ನು ಕೂಡಿಸಿ, ಗುದ್ದಲಿ ಹಿಡಿಯಿಸಿ, ಕೆರೆ ತೋಡಿಸಿದ ಒಬ್ಬ ಯೋಗಿಯ ಹೆಸರು ಎಂಟು ನೂರು ವರ್ಷಗಳಿಗೂ ಮಿಕ್ಕಿ ಈ ಸೀಮೆಯ ತೊಟ್ಟಿಲುಗಳಲ್ಲಿ ಉಳಿದುಬಂದಿದೆ. ಸಿದ್ಧರಾಮ, ಸಿದ್ದಪ್ಪ, ಸಿದ್ಧೇಶ್ವರ, ಸಿದ್ದವ್ವ ಎಂಬ ಹೆಸರುಗಳಲ್ಲಿ ಒಂದಾದರೂ ಇಲ್ಲದ ಮನೆತನ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡಿಗರಲ್ಲಿ ವಿರಳವೆಂದೇ ಹೇಳಬೇಕು. ಆ ಹೆಸರಿನ ಹಿಂದಿರುವ ಬಾಳನ್ನು ನಮ್ಮ ಮಕ್ಕಳಿಗೆ ಮತ್ತೊಮ್ಮೆ ತಿಳಿಯಹೇಳುವುದು ಈ ಸ್ಮರಣಸಂಚಿಕೆಗೆ ತಕ್ಕ ಕೆಲಸವೆಂದು ನಾವು ಭಾವಿಸಿದ್ದೇವೆ.

ಸಿದ್ಧರಾಮರ ಚರಿತ್ರೆ ನಮಗೆ ಮೂರು ದಾರಿಗಳಿಂದ ಬಂದಿದೆ. ಹಂಪೆಯ ಕವಿ ರಾಘವಾಂಕನು ಷಟ್ಪದಿಯಲ್ಲಿ ರಚಿಸಿದ ಸಿದ್ಧರಾಮ ಚಾರಿತ್ರವು ಮೊದಲನೆಯದು. 15ನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯು ಎರಡನೆಯದು. ಊರ ಹಿರಿಯರ ಬಾಯಿಂದ ಬಾಯಿಗೆ ಇಳಿದುಬಂದ ಐತಿಹ್ಯವು ಮೂರನೆಯದು. ಭಕ್ತರು ಬರೆದುದರಲ್ಲಿ ಪವಾಡಗಳಿರುವುದು ಸಹಜ. ಅವನ್ನು ನಂಬುವವರು ನಂಬಲಿ, ಅರ್ಥೈಸುವವರು ಅರ್ಥೈಸಲಿ. ಅವುಗಳ ನಡುವೆ ಹರಿಯುವ ಬಾಳಿನ ಹೊನಲು ಮಾತ್ರ ಎಲ್ಲರಿಗೂ ಕಾಣುವಂತಿದೆ.

ಅದು 12ನೆಯ ಶತಮಾನ. ಕಲ್ಯಾಣದ ಚಾಲುಕ್ಯರ ಬಲ ಕುಗ್ಗಿ, ಕಳಚುರಿ ಬಿಜ್ಜಳನ ಕೈ ಮೇಲಾಗುತ್ತಿದ್ದ ಕಾಲ. ಇಂದಿನ ಸೊಲ್ಲಾಪುರಕ್ಕೆ ಆಗ ಸೊನ್ನಲಿಗೆ ಎಂಬ ಹೆಸರಿತ್ತು. ಅದೊಂದು ಸಣ್ಣ ಹಳ್ಳಿ. ಸಹ್ಯಾದ್ರಿಯ ಮಳೆನೆರಳಿನಲ್ಲಿ ಬಿದ್ದ ಈ ಸೀಮೆಯ ಎರೆನೆಲ ಒಂದು ಮಳೆ ಬಿದ್ದರೆ ಬಂಗಾರ, ಬೀಳದಿದ್ದರೆ ಬಾಯಿಬಿಟ್ಟ ಬಿರುಕು. ಭೀಮಾ, ಸೀನಾ ನದಿಗಳು ಸೀಮೆಯಲ್ಲಿ ಹರಿದರೂ ಊರಿಗೆ ದೂರ. ಇಂತಹ ಊರಿನಲ್ಲಿ ಮುದ್ದುಗೌಡ, ಸುಗ್ಗವ್ವೆ ಎಂಬ ಒಕ್ಕಲು ಮನೆತನದ ದಂಪತಿಗಳಿಗೆ ಸಿದ್ಧರಾಮರು ಜನಿಸಿದರು. ಇಂತಹ ಮಗನು ಹುಟ್ಟುವನೆಂದು ರೇವಣಸಿದ್ಧರು ಮುಂದಾಗಿಯೇ ನುಡಿದಿದ್ದರೆಂದು ಪರಂಪರೆ ಹೇಳುತ್ತದೆ.

ಮಗುವಾದರೋ ಬೇರೆಯವರಂತಿರಲಿಲ್ಲ. ಮಾತು ಕಡಿಮೆ, ಆಟ ಕಡಿಮೆ, ನೋಡಿದವರು ಮಂಕನೆಂದರು. ತಂದೆತಾಯಿಗಳು ದನ ಕಾಯಲು ಕಳುಹಿದರು. ದನಗಳು ಮೇಯುತ್ತಿದ್ದರೆ ಹುಡುಗನು ತನ್ನಷ್ಟಕ್ಕೆ ತಾನು ಲಿಂಗವೊಂದನ್ನಿಟ್ಟು ಪೂಜಿಸುತ್ತ ಕುಳಿತುಬಿಡುತ್ತಿದ್ದನು. ಒಂದು ದಿನ ಜಂಗಮನೊಬ್ಬನು ಹೊಲಕ್ಕೆ ಬಂದನು. ತಾನು ಶ್ರೀಶೈಲದ ಮಲ್ಲಯ್ಯನೆಂದನು. ಹಸಿವೆಂದು ನವಣೆಯ ಎಳೆ ತೆನೆಯನ್ನು ಬೇಡಿದನು. ಹುಡುಗನು ಸಂಭ್ರಮದಿಂದ ತೆನೆ ಸುಟ್ಟು ಕೊಟ್ಟನು. ಅದನ್ನು ತಿಂದು ಒಡಲು ಉರಿಯುತ್ತಿದೆ, ಮಜ್ಜಿಗೆಯನ್ನ ಬೇಕೆಂದನು ಮಲ್ಲಯ್ಯ. ಹುಡುಗನು ಮನೆಗೆ ಓಡಿದನು. ಅನ್ನದ ಗಡಿಗೆ ಹೊತ್ತು ಮರಳಿ ಓಡಿಬಂದನು. ಬಂದು ನೋಡಿದರೆ ಅತಿಥಿ ಇಲ್ಲ.

ಹಸಿದವನು ಉಣ್ಣದೆ ಹೋದನಲ್ಲ ಎಂಬ ಒಂದೇ ಅಳಲು ಆ ಹುಡುಗನ ಬಾಳನ್ನು ತಿರುಗಿಸಿತು. ಮಲ್ಲಯ್ಯಾ ಎಂದು ಕೂಗುತ್ತ ಹೊಲದಿಂದ ಹೊಲಕ್ಕೆ ಅಲೆದನು. ದಾರಿಯಲ್ಲಿ ಶ್ರೀಶೈಲದ ಪರಿಷೆಯವರು ಸಿಕ್ಕರು, ಅವರ ಬೆನ್ನುಹತ್ತಿದನು. ಶ್ರೀಶೈಲದಲ್ಲಿ ಅವರು ಗುಡಿಯ ಲಿಂಗವನ್ನು ತೋರಿಸಿ, ಇವನೇ ಮಲ್ಲಯ್ಯನೆಂದರು. ಹುಡುಗನು ಒಪ್ಪಲಿಲ್ಲ. ತನ್ನೊಡನೆ ಮಾತನಾಡಿದ, ತನ್ನ ಕೈಯಿಂದ ತೆನೆ ತಿಂದ ಮಲ್ಲಯ್ಯನೇ ಅವನಿಗೆ ಬೇಕಾಗಿದ್ದನು. ಬೆಟ್ಟದ ಕಮರಿಗಳನ್ನು ಅಲೆದು, ಕೊನೆಗೆ ಬಾಳೇ ಬೇಡವೆಂದು ಕೊಳ್ಳಕ್ಕೆ ಬೀಳಹೋದಾಗ ಮಲ್ಲಿಕಾರ್ಜುನನು ಪ್ರತ್ಯಕ್ಷನಾಗಿ ಕೈಹಿಡಿದನೆಂಬುದು ಚಾರಿತ್ರದ ರಸಘಟ್ಟ.

ಇಲ್ಲಿ ನಾವು ಒಂದು ಸಂಗತಿಯನ್ನು ಗಮನಿಸಬೇಕು. ದೇವರನ್ನು ಕಂಡ ಹುಡುಗನು ಅಲ್ಲಿಯೇ ನಿಲ್ಲಲು ಬಯಸಿದ್ದರೆ ಆಶ್ಚರ್ಯವಿರಲಿಲ್ಲ. ಆದರೆ ಊರಿಗೆ ಮರಳಬೇಕು, ಸೊನ್ನಲಿಗೆಯನ್ನೇ ಇನ್ನೊಂದು ಶ್ರೀಶೈಲವಾಗಿ ಮಾಡಬೇಕು ಎಂಬ ಅಪ್ಪಣೆ ಅವನಿಗಾಯಿತು. ಪುಣ್ಯಕ್ಷೇತ್ರವನ್ನು ಅರಸಿಕೊಂಡು ಹೋದವನು, ತನ್ನ ಊರನ್ನೇ ಪುಣ್ಯಕ್ಷೇತ್ರವಾಗಿ ಮಾಡುವ ಹೊರೆಯನ್ನು ಹೊತ್ತು ಬಂದನು. ದನ ಕಾಯುವ ಹುಡುಗ ಹೋಗಿ ಯೋಗಿ ಸಿದ್ಧರಾಮರು ಬಂದರು.

ಮರಳಿ ಬಂದವರು ಮಲ್ಲಿಕಾರ್ಜುನನನ್ನು ಸ್ಥಾಪಿಸಿದರು. ಊರ ಸುತ್ತಲೂ ಅರುವತ್ತೆಂಟು ಲಿಂಗಗಳನ್ನು ನೆಲೆಗೊಳಿಸಿದರೆಂಬ ನಂಬಿಕೆ ಇಂದಿಗೂ ದೃಢವಾಗಿದೆ. ಆದರೆ ಗುಡಿಯೊಂದರಿಂದಲೇ ಊರು ಬಾಳದು. ಹಸಿದ ಅತಿಥಿ ಉಣ್ಣದೆ ಹೋದ ನೋವು ಅವರ ಎದೆಯಲ್ಲಿತ್ತಷ್ಟೆ. ಕೆರೆ ತೋಡಿಸಿದರು, ಬಾವಿ ತೆಗೆಸಿದರು, ದಾರಿಹೋಕರ ಬಾಯಾರಿಕೆಗೆ ಅರವಟ್ಟಿಗೆಗಳನ್ನಿಡಿಸಿದರು, ಹಸಿದವರಿಗೆ ಅನ್ನವಿಕ್ಕಿಸಿದರು. ಮದುವೆಯ ವೆಚ್ಚ ತಾಳಲಾರದ ಬಡವರಿಗಾಗಿ ಹಲವು ಜೋಡಿಗಳ ಮದುವೆಯನ್ನು ಒಂದೇ ಹಂದರದಲ್ಲಿ ಮಾಡಿಸಿದರೆಂದು ಹೇಳುತ್ತಾರೆ. ಈಗ ನಾವು ಸಾಮೂಹಿಕ ವಿವಾಹವೆಂದು ಕರೆಯುವ ಏರ್ಪಾಡಿಗೆ ನಮ್ಮ ಸೀಮೆಯಲ್ಲಿ ಇಷ್ಟು ಹಳೆಯ ನೆನಪಿದೆ.

ಕೆರೆಯ ಕೆಲಸ ಒಬ್ಬರಿಂದ ಆಗುವಂಥದಲ್ಲ. ತಗ್ಗನ್ನು ಗುರುತಿಸಬೇಕು, ನೆಲ ಅಗೆಯಬೇಕು, ಅಗೆದ ಮಣ್ಣನ್ನು ಬುಟ್ಟಿಬುಟ್ಟಿಯಾಗಿ ಹೊತ್ತು ದಂಡೆಗೆ ಹಾಕಬೇಕು, ಅದು ಕುಸಿಯದಂತೆ ತುಳಿದು ಗಟ್ಟಿಮಾಡಿ ಕಲ್ಲು ಕಟ್ಟಬೇಕು. ಹೆಚ್ಚಿನ ನೀರು ಏರಿಯನ್ನು ಒಡೆಯದಂತೆ ಕೋಡಿ ಬಿಡಬೇಕು. ಹೀಗೆ ನಿಂತ ನೀರು ಕಣ್ಣಿಗೆ ಕಾಣುವಷ್ಟೇ ಅಲ್ಲ. ನೆಲದೊಳಗೆ ಇಂಗಿ ಸುತ್ತಣ ಬಾವಿಗಳ ಸೆಲೆಯನ್ನು ಬೇಸಗೆಯವರೆಗೂ ಕಾಯುತ್ತದೆ. ಕೆರೆ ಕಟ್ಟಿದರಷ್ಟೇ ಸಾಲದು. ಹೂಳು ತುಂಬಿದಾಗಲೆಲ್ಲ ಮತ್ತೆ ತೆಗೆಯಬೇಕು. ಆದುದರಿಂದ ಕೆರೆಯೆಂಬುದು ಒಂದು ತಲೆಮಾರು ಮುಂದಿನ ತಲೆಮಾರಿಗೆ ಒಪ್ಪಿಸುವ ಕೆಲಸ. ಸಿದ್ಧರಾಮರು ಸಾವಿರಾರು ಜನರನ್ನು ಈ ಕೆಲಸಕ್ಕೆ ಕೂಡಿಸಿದರು. ಅವರಿಗೆ ಕೆರೆಯ ಅಗೆತವೇ ಪೂಜೆಯಾಗಿತ್ತು.

ಊರಿನ ಐತಿಹ್ಯದಲ್ಲಿ ಕುಂಬಾರರ ಮಗಳೊಬ್ಬಳ ಕಥೆಯಿದೆ. ಆಕೆ ದಿನವೂ ಯೋಗಿಯ ಅಂಗಳವನ್ನು ಸಾರಿಸಿ ರಂಗವಲ್ಲಿಯಿಡುತ್ತಿದ್ದಳು. ಅವರನ್ನೇ ವರಿಸಬೇಕೆಂಬ ಆಸೆ ಆಕೆಗೆ ಹುಟ್ಟಿತು. ತಾನು ಮಲ್ಲಿಕಾರ್ಜುನನಿಗೆ ಒಪ್ಪಿಸಿಕೊಂಡವನೆಂದು ಸಿದ್ಧರಾಮರು ತಿಳಿಹೇಳಿದರೂ ಆಕೆಯ ಮನಸ್ಸನ್ನು ಮುರಿಯಲಿಲ್ಲ. ತಮ್ಮ ಯೋಗದಂಡದೊಡನೆ ಆಕೆಯ ಮದುವೆಯಾಗಲು ಒಪ್ಪಿದರು. ಸಂಕ್ರಾಂತಿಯ ಜಾತ್ರೆಯಲ್ಲಿ ಇಂದಿಗೂ ನಡೆಯುವ ಅಕ್ಷತೆಯ ಸಮಾರಂಭ ಇದರ ನೆನಪು. ಊರ ಜಾತ್ರೆಯ ನಡುವಣ ಗೌರವ ಅರಸುಮಗಳಿಗಲ್ಲ, ಅಂಗಳ ಸಾರಿಸಿದ ಕುಂಬಾರರ ಮಗಳಿಗೆ ಸಂದಿದೆ.

ಹೀಗೆ ಕೀರ್ತಿ ಹಬ್ಬುತ್ತಿರಲಾಗಿ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದರು. ಕೆರೆಯಂಗಳದಲ್ಲಿ ದುಡಿಯುತ್ತಿದ್ದವರನ್ನು ಕಂಡು, ನಿಮ್ಮ ಒಡ್ಡರಾಮನು ಎಲ್ಲಿಯೆಂದು ಕೇಳಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಮಣ್ಣು ಅಗೆಯುವ ಕಸುಬಿನವರ ಹೆಸರನ್ನು ತಮ್ಮ ಗುರುವಿಗೆ ಹಚ್ಚಿದುದು ಶಿಷ್ಯರಿಗೆ ಸೈರಣೆಯಾಗಲಿಲ್ಲ, ಕಲ್ಲು ಬೀರಿದರು. ಆ ಕಲ್ಲುಗಳು ಪ್ರಭುವನ್ನು ಮುಟ್ಟಲಿಲ್ಲ. ಸುದ್ದಿ ಕೇಳಿ ಸಿದ್ಧರಾಮರೂ ಕೆರಳಿ ಬಂದರು. ಅವರ ಹಣೆಗಣ್ಣಿನ ಉರಿ ಕೂಡ ಅಲ್ಲಮರ ಪಾದದ ಬಳಿ ಅಡಗಿತು. ಆಗ ಅವರಿಗೆ ತಮ್ಮ ಸ್ಥಿತಿಯ ಅರಿವಾಯಿತು. ಲೋಕದ ಬಾಯಾರಿಕೆಯನ್ನು ತಣಿಸಹೊರಟವರ ಒಳಗೆ ಸಿಟ್ಟು ಇನ್ನೂ ಆರಿರಲಿಲ್ಲ. ಸಿದ್ಧರಾಮರು ಅಲ್ಲಮರೊಡನೆ ಕಲ್ಯಾಣಕ್ಕೆ ಹೋದರು. ಬಸವಣ್ಣನವರೇ ಮೊದಲಾದ ಶರಣರ ಗೋಷ್ಠಿಯಲ್ಲಿ ಕುಳಿತರು. ತಮಗಿಂತ ಎಷ್ಟೋ ಕಿರಿಯರಾದ ಚೆನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆ ಪಡೆದರು. ಸಾವಿರಾರು ಶಿಷ್ಯರಿದ್ದ ಗುರು ಕಿರಿಯರ ಮುಂದೆ ತಲೆಬಾಗಿ ಶಿಷ್ಯನಾಗುವುದು ಸಣ್ಣ ಮಾತಲ್ಲ.

ಈ ಪ್ರಸಂಗವನ್ನು ಪಾಠ ಹೇಳುವಾಗ ಮಕ್ಕಳು ನಮ್ಮನ್ನು ಒಂದು ಪ್ರಶ್ನೆ ಕೇಳುವುದುಂಟು: ಹಾಗಾದರೆ ಕೆರೆ ಕಟ್ಟಿದುದು ತಪ್ಪೆ? ಕೆಲವು ವರ್ಷ ನಾವು ಪುಸ್ತಕದ ಮಾತನ್ನೇ ಹೇಳಿ, ಹೊರಗಣ ಕೆಲಸಕ್ಕಿಂತ ಒಳಗಣ ಅರಿವು ಮೇಲೆಂದು ಪಾಠ ಮುಗಿಸುತ್ತಿದ್ದೆವು. ಈಗ ಆ ಉತ್ತರ ನಮಗೇ ಸಾಲದೆನಿಸುತ್ತದೆ. 1972ರ ಬರಗಾಲದಲ್ಲಿ ಈ ಸೀಮೆಯ ಹಿರಿಯರು ಜಲ್ಲಿ ಒಡೆದು, ಕೆರೆಗಳಿಗೆ ಮಣ್ಣು ಹೊತ್ತು ಮಕ್ಕಳನ್ನು ಸಾಕಿದುದನ್ನು ಕೇಳಿಯೇ ನಾವು ಬೆಳೆದೆವು. ಆ ಬುಟ್ಟಿ ಹೊತ್ತವರ ಮೊಮ್ಮಕ್ಕಳೇ ನಮ್ಮ ಮುಂದಿನ ಬೆಂಚುಗಳಲ್ಲಿ ಕುಳಿತಿರುವಾಗ, ಮಣ್ಣಿನ ಕೆಲಸ ಕೀಳೆಂದು ಯಾವ ಬಾಯಿಂದ ಹೇಳುವುದು?

ಕಥೆಯನ್ನೇ ಮತ್ತೆ ಓದಿದರೆ ಉತ್ತರ ಅಲ್ಲಿದೆ. ಅಲ್ಲಮರು ಕೆರೆಯನ್ನು ಮುಚ್ಚಿಸಲಿಲ್ಲ. ಅವರ ಮಾತು ತಟ್ಟಿದುದು ಕೆರೆಯನ್ನಲ್ಲ, ಕೆರೆಯನ್ನು ನಾನು ಕಟ್ಟಿಸಿದೆನೆಂಬ ಹೆಮ್ಮೆಯನ್ನು. ಹೆಮ್ಮೆ ಹೋಯಿತು, ಕೆರೆ ಉಳಿಯಿತು. ಒಳಗಣ ಅರಿವಿಲ್ಲದ ಕೆಲಸ ಸಿಟ್ಟಿಗೆ ತುತ್ತಾಗುತ್ತದೆ. ಕೆಲಸವಿಲ್ಲದ ಅರಿವು ಯಾರ ದಾಹವನ್ನೂ ತಣಿಸದು. ಎರಡನ್ನೂ ಒಂದೇ ಬಾಳಿನಲ್ಲಿ ಕೂಡಿಸಿ ತೋರಿದುದರಿಂದಲೇ ಸಿದ್ಧರಾಮರು ದೊಡ್ಡವರು.

ಕಲ್ಯಾಣದ ದಿನಗಳಲ್ಲಿ ಪಕ್ವವಾದ ಅವರ ಅನುಭವ ಕಪಿಲಸಿದ್ಧಮಲ್ಲಿಕಾರ್ಜುನನೆಂಬ ಅಂಕಿತದ ವಚನಗಳಾಗಿ ಹರಿಯಿತು. ಅವುಗಳಲ್ಲಿ ಸಾವಿರಕ್ಕೂ ಮಿಕ್ಕಿ ನಮಗೆ ದೊರೆತಿವೆ, ತ್ರಿವಿಧಿಗಳೂ ಇವೆ. ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ದಿಕ್ಕುದಿಕ್ಕಿಗೆ ಚದುರಿದ ಬಳಿಕ ಅವರು ಮತ್ತೆ ಸೊನ್ನಲಿಗೆಗೆ ಬಂದರು. ಎರಡನೆಯ ಸಲವೂ ಊರೇ ಅವರನ್ನು ಕರೆಯಿತು. ಇಲ್ಲಿಯೇ ಅವರು ಯೋಗಸಮಾಧಿ ಹೊಂದಿದರು. ಕೆರೆಯ ನೀರಿನ ನಡುವಣ ಗುಡಿಯ ಪ್ರಾಂಗಣದಲ್ಲಿ ಆ ಗದ್ದುಗೆಯಿದೆ.

ಪ್ರತಿವರ್ಷ ಜನವರಿಯಲ್ಲಿ, ಮಕರ ಸಂಕ್ರಾಂತಿಯ ಹೊತ್ತಿಗೆ, ಗಡ್ಡೆಯ ಜಾತ್ರೆ ನೆರೆಯುತ್ತದೆ. ಬಿಳಿಯ ಬಾರಾಬಂದಿ ತೊಟ್ಟವರು ಮುಗಿಲೆತ್ತರದ ಏಳು ನಂದಿಧ್ವಜಗಳನ್ನು ಹೊತ್ತು ಅರುವತ್ತೆಂಟು ಲಿಂಗಗಳ ಸುತ್ತು ಬರುತ್ತಾರೆ. ಆ ಲಿಂಗಗಳಿಗೆ ಎಣ್ಣೆಯ ಅಭಿಷೇಕ, ಮರುದಿನ ಅಕ್ಷತೆ, ಬಳಿಕ ಹೋಮ. ಮೊದಲ ದಿನದ ಸೇವೆಗೆ ಎಣ್ಣೆಮಜ್ಜನವೆಂದು ಹೆಸರು. ಮರಾಠಿ ಮನೆಮಾತಿನವರೂ ತೆಲುಗು ಮನೆಮಾತಿನವರೂ ಆ ಅಚ್ಚ ಕನ್ನಡದ ಹೆಸರನ್ನೇ ಹೇಳುವುದನ್ನು ನಾವು ಕೇಳಿದ್ದೇವೆ. 1956ರಲ್ಲಿ ರಾಜ್ಯಗಳ ಗೆರೆ ಬೇರೆಡೆ ಬಿದ್ದಿತು. ಜಾತ್ರೆಯ ಸಾಲಿನಲ್ಲಿ ಆ ಗೆರೆ ಬೀಳಲಿಲ್ಲ. ನೀರು ಕುಡಿಯಬಂದವರ ಮಾತು ಯಾವುದೆಂದು ಕೆರೆ ಕೇಳುವುದಿಲ್ಲ. ಕೆರೆ ಕಟ್ಟಿದವರ ಮಾತು ಕನ್ನಡವಾಗಿತ್ತೆಂಬುದು ನಮ್ಮ ಸಂತೋಷ. ಅದರ ನೀರು ಎಲ್ಲರದಾಗಿತ್ತೆಂಬುದು ಅದಕ್ಕಿಂತ ದೊಡ್ಡ ಸಂತೋಷ.

ಕೊನೆಯದಾಗಿ ಒಂದು ಮಾತು. ಅಂದು ಹೀಯಾಳಿಕೆಯಂತೆ ಕೇಳಿಸಿ ಶಿಷ್ಯರ ಕೈಗೆ ಕಲ್ಲು ಕೊಟ್ಟ ಹೆಸರಿತ್ತಷ್ಟೆ. ಮಣ್ಣು ಕಲ್ಲುಗಳ ಕಸುಬಿನ ಭೋವಿ ಸಮಾಜದವರು ಇಂದು ಸಿದ್ಧರಾಮರನ್ನು ತಮ್ಮ ಕುಲಗುರುಗಳೆಂದು ಪೂಜಿಸುತ್ತಾರೆ. ಕೆರೆ ಅಗೆದವರ ಮಕ್ಕಳು ಆ ಹೆಸರನ್ನು ನಾಚಿಕೆಯಿಂದಲ್ಲ, ಅಭಿಮಾನದಿಂದ ಎತ್ತಿಕೊಂಡರು. ಶರಣರ ಕಥೆಗೆ ಇದಕ್ಕಿಂತ ಒಳ್ಳೆಯ ಮುಂದುವರಿಕೆ ಇರಲಾರದು.

ನಾವು ಮಾಡಬೇಕಾದುದು ಹೆಚ್ಚಿನದೇನಲ್ಲ. ಜಾತ್ರೆಗೆ ಮಕ್ಕಳನ್ನು ಕರೆದೊಯ್ದಾಗ ಗುಡಿಯನ್ನು ತೋರಿಸಿದ ಮೇಲೆ ಕೆರೆಯನ್ನೂ ತೋರಿಸೋಣ. ಇದನ್ನು ಯಾರು, ಏಕೆ ತೋಡಿಸಿದರೆಂದು ಅವರ ಮಾತಿನಲ್ಲಿಯೇ ತಿಳಿಹೇಳೋಣ. ಬಾಡಿದ ಹೂವು, ಪ್ಲಾಸ್ಟಿಕಿನ ಚೀಲಗಳು ನೀರಿಗೆ ಬೀಳದಂತೆ ಕೈತಡೆಯೋಣ. ನಮ್ಮ ನಮ್ಮ ಹಳ್ಳಿಗಳ ಕೆರೆಗಳಲ್ಲಿ ಹೂಳು ತುಂಬಿದ್ದರೆ ಬೇಸಗೆಯಲ್ಲಿ ನಾಲ್ಕು ದಿನ ಬುಟ್ಟಿ ಹಿಡಿಯೋಣ. ಆ ಹೂಳು ಹೊಲಕ್ಕೆ ಗೊಬ್ಬರವೂ ಆದೀತು. ಉಣ್ಣದೆ ಹೋದ ಒಬ್ಬ ಅತಿಥಿಗಾಗಿ ಆ ಮಹನೀಯರು ಬಾಳೆಲ್ಲ ದುಡಿದರು. ಅವರ ಹೆಸರು ಹೊತ್ತ ನಮ್ಮ ಮಕ್ಕಳು ಒಂದು ಬುಟ್ಟಿ ಮಣ್ಣನ್ನಾದರೂ ಹೊರಲಿ.