ಹಡಗಿನ ತಾಮ್ರ ಉಳಿಸಿ ಬೈಸಿಕೊಂಡ ಹಂಫ್ರಿ ಡೇವಿ: ತುಕ್ಕಿಗೆ ಬಣ್ಣವೊಂದೇ ಸಾಕೇ?

ಗೇಟಿಗೋ ನೀರಿನ ಟ್ಯಾಂಕಿನ ಸ್ಟ್ಯಾಂಡಿಗೋ ಒಳ್ಳೆಯ ಎಪಾಕ್ಸಿ ಬಣ್ಣ ಹೊಡೆಸಿಬಿಟ್ಟರೆ ಮುಂದೆ ತುಕ್ಕಿನ ಮಾತೇ ಇಲ್ಲ ಎಂದು ನಂಬುವವರು ಬಹಳ. ಅರ್ಧ ನಿಜ. ಉಳಿದರ್ಧ ಅರ್ಥವಾಗಬೇಕಾದರೆ ಇನ್ನೂರು ವರ್ಷ ಹಿಂದಕ್ಕೆ, ಇಂಗ್ಲೆಂಡಿನ ಹಂಫ್ರಿ ಡೇವಿಯ ಹತ್ತಿರ ಹೋಗಬೇಕು. ಗಣಿ ಕಾರ್ಮಿಕರ ಸುರಕ್ಷಾ ದೀಪದ ಪಾಠದಲ್ಲಿ ಶಾಲೆಯಲ್ಲಿ ಓದಿದ್ದೀರಲ್ಲ, ಅದೇ ಡೇವಿ.

ಡೇವಿ ಹುಟ್ಟಿದ್ದು 1778ರ ಡಿಸೆಂಬರ್ 17ರಂದು, ಕಾರ್ನ್‌ವಾಲ್‌ನ ಪೆನ್‌ಜಾನ್ಸ್ ಎಂಬ ಕಡಲೂರಿನಲ್ಲಿ. ತಂದೆ ಮರದ ಕೆತ್ತನೆ ಕೆಲಸದವರು. ಡೇವಿಗೆ ಹದಿನಾರು ತುಂಬುವ ಹೊತ್ತಿಗೆ ಅವರು ತೀರಿಕೊಂಡರು. ಹುಡುಗ ಊರಿನ ವೈದ್ಯರೊಬ್ಬರ ಬಳಿ ಕೆಲಸ ಕಲಿಯಲು ಸೇರಿದ. ಕಾಲೇಜು ಮೆಟ್ಟಿಲು ಹತ್ತಲಿಲ್ಲ, ರಸಾಯನಶಾಸ್ತ್ರವನ್ನು ಪುಸ್ತಕ ಓದಿಯೇ ಕಲಿತ. ಇಪ್ಪತ್ತರ ವಯಸ್ಸಿನಲ್ಲೇ ಬ್ರಿಸ್ಟಲ್‌ನ ಒಂದು ಸಂಸ್ಥೆಯಲ್ಲಿ ನಗೆ ಅನಿಲವನ್ನು ತಾನೇ ಉಸಿರಾಡಿ ಪ್ರಯೋಗ ಮಾಡಿದ. ಅದು ಶಸ್ತ್ರಚಿಕಿತ್ಸೆಯ ನೋವು ತಗ್ಗಿಸಲು ಬಳಕೆಯಾಗಬಹುದು ಎಂದು 1800ರಲ್ಲೇ ಬರೆದಿಟ್ಟ. ವೈದ್ಯರು ಅದನ್ನು ಕೈಗೆತ್ತಿಕೊಳ್ಳಲು ಇನ್ನೂ ನಾಲ್ಕು ದಶಕ ಬೇಕಾಯಿತು!

1801ರಲ್ಲಿ ಲಂಡನ್‌ನ ರಾಯಲ್ ಇನ್‌ಸ್ಟಿಟ್ಯೂಷನ್ ಸೇರಿದ ಮೇಲೆ ಡೇವಿಯ ಹೆಸರು ಮನೆಮಾತಾಯಿತು. ಬ್ಯಾಟರಿಯ ವಿದ್ಯುತ್ ಹರಿಸಿ 1807ರಲ್ಲಿ ಪೊಟ್ಯಾಸಿಯಂ ಮತ್ತು ಸೋಡಿಯಂ, ಮರುವರ್ಷ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೇರಿಯಂ, ಸ್ಟ್ರಾಂಷಿಯಂ ಬೇರ್ಪಡಿಸಿದರು. 1812ರಲ್ಲಿ ಸರ್ ಪದವಿ, 1815ರಲ್ಲಿ ಸುರಕ್ಷಾ ದೀಪ, 1820ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷಗಿರಿ. ಪುಸ್ತಕದ ಬೈಂಡಿಂಗ್ ಕೆಲಸ ಮಾಡುತ್ತಿದ್ದ ಮೈಕೆಲ್ ಫ್ಯಾರಡೆಯನ್ನು ಸಹಾಯಕನಾಗಿ ತೆಗೆದುಕೊಂಡವರೂ ಇವರೇ. ಇಷ್ಟು ಎಲ್ಲರೂ ಹೇಳುವ ಕತೆ. ಹೆಚ್ಚಿನವರು ಹೇಳದೆ ಬಿಡುವ ಕತೆ ಇದರ ನಂತರದ್ದು.

ಆಗಿನ ಯುದ್ಧನೌಕೆಗಳು ಮರದವು. ಹುಳು ಕೊರೆಯದಂತೆ, ಪಾಚಿ ಮತ್ತು ಚಿಪ್ಪುಜೀವಿಗಳು ಅಂಟದಂತೆ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದರು. ಆದರೆ ಉಪ್ಪುನೀರು ಆ ತಾಮ್ರವನ್ನೇ ತಿನ್ನುತ್ತಿತ್ತು. ಖರ್ಚು ತಾಳದೆ ನೌಕಾಪಡೆ ರಾಯಲ್ ಸೊಸೈಟಿಯ ಸಲಹೆ ಕೇಳಿತು. ಡೇವಿ ತಾವೇ ಕೆಲಸಕ್ಕೆ ಇಳಿದರು.

ಅವರ ಯೋಚನೆ ಸರಳ. ಲೋಹ ಸವೆಯುವುದು ವಿದ್ಯುತ್ತಿನ ವ್ಯವಹಾರವಾದರೆ, ಅದನ್ನು ವಿದ್ಯುತ್ತಿನಿಂದಲೇ ತಡೆಯಬಹುದು. ತಾಮ್ರಕ್ಕಿಂತ ಬೇಗ ಕರಗುವ ಸತುವನ್ನೋ ಕಬ್ಬಿಣವನ್ನೋ ತಾಮ್ರಕ್ಕೆ ಜೋಡಿಸಿ ಉಪ್ಪುನೀರಿನಲ್ಲಿಟ್ಟರೆ, ಜೋಡಿಸಿದ್ದು ಕರಗುತ್ತದೆ, ತಾಮ್ರ ಉಳಿಯುತ್ತದೆ. ಬಟಾಣಿ ಕಾಳಿನಷ್ಟು ಸತು ನಲವತ್ತು ಐವತ್ತು ಚದರ ಇಂಚು ತಾಮ್ರವನ್ನು ಕಾಯುತ್ತದೆ ಎಂದು 1824ರಲ್ಲಿ ಪ್ರಯೋಗದಲ್ಲಿ ತೋರಿಸಿದರು. ಇಂದು ಎಂಜಿನಿಯರ್‌ಗಳು ಕ್ಯಾಥೋಡಿಕ್ ಪ್ರೊಟೆಕ್ಷನ್ ಎನ್ನುವುದು ಇದನ್ನೇ.

ಪರೀಕ್ಷೆಗೆ ಹೊರಟ ಹಡಗುಗಳಲ್ಲಿ ಒಂದು ನಮ್ಮ ಕೊಚ್ಚಿಯಲ್ಲಿ ತೇಗದ ಮರದಿಂದ ಕಟ್ಟಿದ್ದ ಸಮರಾಂಗ್. ಕಾವಲು ಲೋಹ ಕಟ್ಟಿಕೊಂಡು ಕೆನಡಾ ತೀರಕ್ಕೆ ಹೋಗಿ ಬಂದ ಅದರ ತಾಮ್ರ ಚೆನ್ನಾಗಿಯೇ ಇತ್ತು. ಆದರೆ ಬೇರೆ ಹಡಗುಗಳ ತಳದಲ್ಲಿ ಕಡಲಗಿಡ, ಚಿಪ್ಪುಜೀವಿಗಳು ದಟ್ಟವಾಗಿ ಬೆಳೆದವು. ಹಡಗುಗಳ ವೇಗ ಇಳಿಯಿತು.

ಕಾರಣ ಕೇಳಿದರೆ ನಗು ಬರುತ್ತದೆ. ತಾಮ್ರ ಸ್ವಲ್ಪ ಸ್ವಲ್ಪವೇ ಕರಗಿ ನೀರಿಗೆ ಬಿಡುತ್ತಿದ್ದ ವಿಷವೇ ಆ ಜೀವಿಗಳನ್ನು ದೂರ ಇಟ್ಟಿತ್ತು. ಕರಗುವುದನ್ನು ಡೇವಿ ಪೂರ್ತಿ ನಿಲ್ಲಿಸಿದ್ದರು. ಅವರ ವಿಜ್ಞಾನ ತಪ್ಪಾಗಿರಲಿಲ್ಲ, ಅತಿಯಾಗಿ ಸರಿಯಾಗಿತ್ತು ಅನ್ನಬೇಕು. ಪತ್ರಿಕೆಗಳಲ್ಲಿ ಟೀಕೆ ಬಂತು. 1825ರಲ್ಲಿ ಕಡಲಿಗೆ ಹೋಗುವ ಹಡಗುಗಳಿಂದ ಕಾವಲು ತೆಗೆಯಲು ಆದೇಶವಾಯಿತು. ಹೊಗಳಿಕೆಗೆ ಒಗ್ಗಿದ್ದ ಡೇವಿಗೆ ಇದು ದೊಡ್ಡ ಪೆಟ್ಟು. ಪಾರ್ಶ್ವವಾಯು ಬಡಿದು 1827ರಲ್ಲಿ ಅಧ್ಯಕ್ಷಗಿರಿ ಬಿಟ್ಟರು. 1829ರ ಮೇ 29ರಂದು, ಐವತ್ತರ ವಯಸ್ಸಿನಲ್ಲಿ, ಜಿನೀವಾದಲ್ಲಿ ತೀರಿಕೊಂಡರು.

ಈಗ ಬಣ್ಣದ ಪ್ರಶ್ನೆ. ಎಪಾಕ್ಸಿಯಂಥ ಪಾಲಿಮರ್ ಲೇಪನ ಲೋಹಕ್ಕೂ ಉಪ್ಪುನೀರಿಗೂ ನಡುವಿನ ಗೋಡೆ. ಆದರೆ ಯಾವ ಗೋಡೆಯೂ ಪರಿಪೂರ್ಣವಲ್ಲ. ನೀರು, ಆಮ್ಲಜನಕ ನಿಧಾನವಾಗಿ ಅದರೊಳಗೂ ಜಿನುಗುತ್ತವೆ. ಸೂಜಿಮೊನೆಯಷ್ಟು ತೂತಿದ್ದರೂ ಅಲ್ಲಿಂದಲೇ ತುಕ್ಕು ಬಣ್ಣದ ಅಡಿಗೆ ಹರಡುತ್ತದೆ. ಆದ್ದರಿಂದಲೇ ನೆಲದಡಿಯ ಗ್ಯಾಸ್ ಮತ್ತು ತೈಲ ಪೈಪುಗಳಿಗೆ ಎರಡು ರಕ್ಷಣೆ: ಕಾಯಿಸಿದ ಉಕ್ಕಿನ ಮೇಲೆ ಕರಗಿ ಅಂಟುವ ಎಪಾಕ್ಸಿ ಪುಡಿಯ ಪದರ, ಅದು ತಪ್ಪಿಸಿದ ಜಾಗಕ್ಕೆ ಡೇವಿಯ ಉಪಾಯ. ಲೇಪನವಿದ್ದರೆ ಕಾಯಬೇಕಾದ ಬರಿ ಲೋಹ ಕಡಿಮೆ, ಆದ್ದರಿಂದ ಕಾವಲಿಗೆ ಕೆಲಸವೂ ಕಡಿಮೆ. ವಿದ್ಯುತ್ ರಕ್ಷಣೆ ಅತಿಯಾದರೆ ಮಾತ್ರ ಲೇಪನವೇ ಕಿತ್ತು ಬರುತ್ತದೆ. ಇಲ್ಲೂ ಅತಿ ಮಾಡುವಂತಿಲ್ಲ.

ಹಡಗುಗಳದ್ದೂ ಇದೇ ಲೆಕ್ಕ. ಈಗಿನ ಉಕ್ಕಿನ ತಳಕ್ಕೆ ಮೊದಲು ಎಪಾಕ್ಸಿ, ಮೇಲೆ ತಾಮ್ರದ ಸಂಯುಕ್ತ ಬೆರೆಸಿದ ಬಣ್ಣ. ಬಣ್ಣ ನಿಧಾನವಾಗಿ ತಾಮ್ರ ಬಿಡುತ್ತಾ ಚಿಪ್ಪುಜೀವಿಗಳನ್ನು ಓಡಿಸುತ್ತದೆ, ಪಕ್ಕದಲ್ಲೇ ಜೋಡಿಸಿದ ಸತುವಿನ ಗಟ್ಟಿಗಳು ಉಕ್ಕನ್ನು ಕಾಯುತ್ತವೆ. ಡೇವಿಯನ್ನು ಕಾಡಿದ ಎರಡು ಕೆಲಸಗಳನ್ನೂ ಬೇರೆ ಬೇರೆ ಪದರಗಳು ಹಂಚಿಕೊಂಡಿವೆ.

ಮನೆಯಲ್ಲೇ ನೋಡಬೇಕೆಂದರೆ, ನೀರು ಶೇಖರಿಸುವ ಹಲವು ಗೀಸರ್‌ಗಳ ಒಳಗೆ ಮೆಗ್ನೀಸಿಯಂ ಕಡ್ಡಿ ಇರುತ್ತದೆ. ಡೇವಿ 1808ರಲ್ಲಿ ಬೇರ್ಪಡಿಸಿದ ಅದೇ ಲೋಹ. ಟ್ಯಾಂಕಿನ ಬದಲು ಅದು ಕರಗುತ್ತದೆ. ಸರ್ವಿಸಿಗೆ ಬಂದ ಮೆಕ್ಯಾನಿಕ್ ಸವೆದ ಕಡ್ಡಿ ತೋರಿಸಿ ಬದಲಿಸಬೇಕು ಎಂದರೆ ಸುಮ್ಮನೆ ದುಡ್ಡು ಕೀಳುತ್ತಿದ್ದಾನೆ ಅಂದುಕೊಳ್ಳಬೇಡಿ. ಗಟ್ಟಿನೀರಿನ ಊರುಗಳಲ್ಲಂತೂ ವರ್ಷಕ್ಕೊಮ್ಮೆ ತೆಗೆಸಿ ನೋಡಿ.