ಹೈದರಾಲಿಯ ಹಡಗುಗಳು

ಗರಗದಿಂದ ಧಾರವಾಡಕ್ಕೆ ಹೋಗಿಬರುವ ನಮ್ಮ ವಾಚಕರಿಗೆ ಅಲ್ಲಿಯ ಕೋಟೆಯ ಅಳಿದುಳಿದ ಬಾಗಿಲು ಪರಿಚಿತವಾದುದೇ. ೧೭೭೮ರಲ್ಲಿ ಆ ಕೋಟೆಯನ್ನು ಮರಾಠರಿಂದ ಗೆದ್ದುಕೊಂಡವನು ಹೈದರಾಲಿ. ಆದುದರಿಂದ ನಮ್ಮ ಕಡೆಯಲ್ಲಿ ಅವನ ಹೆಸರು ತೆಗೆದರೆ ಕುದುರೆಯ ದಂಡೇ ಕಣ್ಣೆದುರು ನಿಲ್ಲುತ್ತದೆ. ಹಡಗುಗಳ ನೆನಪು ಯಾರಿಗೂ ಆಗುವದಿಲ್ಲ.

ಬೂದಿಕೋಟೆಯಲ್ಲಿ ಹುಟ್ಟಿದ ಈ ನಿರಕ್ಷರ ಪುರುಷನು ಸಾಮಾನ್ಯ ಸಿಪಾಯಿಗಿರಿಯಿಂದ ಮೇಲೇರಿ, ೧೭೬೧ರಲ್ಲಿ ಮೈಸೂರಿನ ಸರ್ವಾಧಿಕಾರವನ್ನು ಕೈವಶಮಾಡಿಕೊಂಡನು. ೧೭೬೩ರಲ್ಲಿ ಬಿದನೂರು ಬಿದ್ದೊಡನೆ ಮಂಗಳೂರು, ಹೊನ್ನಾವರಗಳು ಅವನ ಸ್ವಾಧೀನವಾದವು. ಘಟ್ಟದ ಮೇಲಣ ಈ ಸರದಾರನು ಕೂಡಲೆ ನೌಕಾಬಲವನ್ನು ಕಟ್ಟತೊಡಗಿದುದು ಅವನ ದೂರದೃಷ್ಟಿಗೆ ಸಾಕ್ಷಿಯಾಗಿದೆ. ಆದರೆ ಅದರ ಅಧಿಪತ್ಯವನ್ನು ಅವನು ಕೊಟ್ಟದ್ದು ಲುತ್ಫ್ ಅಲಿ ಬೇಗನೆಂಬ ರಾವುತರ ಸರದಾರನಿಗೆ! ಕಡಲಿನಲ್ಲಿ ಕೂದಲು ನರೆತ ನೌಕಾನಾಯಕರು ಇದನ್ನು ಸಹಿಸಲಿಲ್ಲ. ೧೭೬೮ರಲ್ಲಿ ಮುಂಬಯಿಯ ಆಂಗ್ಲ ದಂಡು ಬಂದಾಗ ಅವರು ಹೋರಾಡದೆ ಹಡಗುಸಹಿತ ಶತ್ರುವನ್ನು ಕೂಡಿಕೊಂಡರು. ಮಂಗಳೂರನ್ನು ಹೈದರನು ಕೆಲವೇ ತಿಂಗಳಲ್ಲಿ ಮರಳಿ ಪಡೆದನು, ಮರುವರುಷ ಮದ್ರಾಸಿನ ಬಾಗಿಲಿಗೇ ಹೋಗಿ ಒಪ್ಪಂದ ಬರೆಯಿಸಿದನು. ಆದರೆ ಸಮುದ್ರದಲ್ಲಿ ಹೋದದ್ದು ಹೋಯಿತು. ಈ ದ್ರೋಹವನ್ನು ನಾವು ಮನ್ನಿಸಲಾರೆವು. ಆದರೂ ಅದಕ್ಕೆ ಎಡೆಗೊಟ್ಟ ನೇಮಕವು ಹೈದರನದೇ ಎಂದು ಹೇಳದೆ ವಿಧಿಯಿಲ್ಲ.

ಪುನಃ ಹಡಗುಗಳಾದವು. ೧೭೮೦ರ ಸಪ್ಟಂಬರದಲ್ಲಿ ಪೊಳ್ಳಿಲೂರಿನಲ್ಲಿ ಆಂಗ್ಲ ಸೈನ್ಯವೊಂದನ್ನು ಮೈಸೂರಿನವರು ನಿರ್ನಾಮಮಾಡಿದರು. ಅದೇ ವರುಷದ ಡಿಸೆಂಬರದಲ್ಲಿ ಅಡ್ಮಿರಲ್ ಹ್ಯೂಸನು ಮಂಗಳೂರಿನಲ್ಲಿದ್ದ ಆ ಹಡಗುಗಳನ್ನು ಹಾಳುಗೆಡವಿದನು. ಅದರ ಬೆಲೆ ಬೇಗನೆ ತಿಳಿದುಬಂತು. ೧೭೮೧ರ ಆರಂಭದಲ್ಲಿ ಸೇನಾಪತಿ ಕೂಟನು ಕಡಲೂರಿನಲ್ಲಿ ಅನ್ನವಿಲ್ಲದೆ ಸಿಕ್ಕಿಬಿದ್ದಿದ್ದನು. ಭೂಮಿಯ ಕಡೆ ಹೈದರನಿದ್ದನು, ಕಡಲ ಕಡೆ ಫ್ರೆಂಚ ನೌಕೆಗಳಿದ್ದವು. ಹೈದರನು ಎಷ್ಟು ಕೇಳಿಕೊಂಡರೂ ಫ್ರೆಂಚ ನಾಯಕ ದೋರ್ವನು ನಿಲ್ಲದೆ ಹೊರಟುಹೋದನು. ಆಂಗ್ಲರಿಗೆ ಸಮುದ್ರದಿಂದ ಧಾನ್ಯ ಬಂತು. ಜುಲೈ ೧ರಂದು ಪೋರ್ಟೊನೊವೊದಲ್ಲಿ ಹೈದರನಿಗೆ ಸೋಲಾಯಿತು.

೧೭೮೨ರ ಜನವರಿಯಲ್ಲಿ ಸುಫ್ರೆನನೆಂಬ ಸಮರ್ಥ ಫ್ರೆಂಚ ನೌಕಾಧಿಪತಿಯ ಪಡೆಯವರು ೫೦ ತೋಪುಗಳ ‘ಹ್ಯಾನಿಬಾಲ’ ಎಂಬ ಆಂಗ್ಲ ಯುದ್ಧನೌಕೆಯನ್ನು ಸೆರೆಹಿಡಿದರು. ಅವರಲ್ಲಿ ಅದೇ ಹೆಸರಿನ ದೊಡ್ಡ ಹಡಗೊಂದು ಮೊದಲೇ ಇದ್ದ ಕಾರಣ ಇದು ‘ಸಣ್ಣ ಹ್ಯಾನಿಬಾಲ’ವಾಯಿತು. ಫೆಬ್ರುವರಿ ೧೭ರಂದು ಸದ್ರಾಸಿನ ಎದುರು ಅದು ಫ್ರೆಂಚರ ಸಾಲಿನಲ್ಲಿ ನಿಂತು ತನ್ನ ಹಳೆಯ ಒಡೆಯರ ಮೇಲೆಯೇ ಕಾದಿತು. ಎದುರಾಳಿ ಮಂಗಳೂರಿನ ಅದೇ ಹ್ಯೂಸನು! ಜುಲೈಯಲ್ಲಿ ಕಡಲೂರಿನ ಬಳಿ ಹೈದರನೂ ಸುಫ್ರೆನನೂ ಭೆಟ್ಟಿಯಾದರು. ಹಡಗು ಫ್ರೆಂಚರಿಗಾಯಿತು, ಅದರ ಸೆರೆಯಾಳುಗಳು ಹೈದರನ ಪಾಲಿಗೆ ಬಂದರು. ಅವರಲ್ಲಿ ಜೇಮ್ಸ್ ಸ್ಕರಿಯೆಂಬ ಹುಡುಗನು ಶ್ರೀರಂಗಪಟ್ಟಣದ ಕಠಿಣ ಸೆರೆಯಲ್ಲಿ ಸುಮಾರು ಹತ್ತು ವರುಷ ಕಳೆದನು. ಅವನ ವೃತ್ತಾಂತವು ೧೮೨೪ರಲ್ಲಿ ಅಚ್ಚಾಯಿತು.

ಹೈದರನ ಬೆನ್ನಿನ ಮೇಲೆ ಆಗಲೇ ಕುರು ಎದ್ದಿತ್ತು. ೧೭೮೨ರ ಡಿಸೆಂಬರ ೭ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಅವನು ಕಾಲವಾದನು. ಮಲೆಯಾಳದ ಕಡೆಯಿದ್ದ ಟೀಪುವು ಬಂದು ಮುಟ್ಟುವವರೆಗೆ ಆ ಸುದ್ದಿಯನ್ನು ದಂಡಿಗೆ ತಿಳಿಯಗೊಡಲಿಲ್ಲ.